ಚೈತ್ರದಲ್ಲಿ ಅಕ್ಷರ ತಿದ್ದುವುದು

ಹೊಸ ವರ್ಷದ ಸಂಕಲ್ಪಗಳಲ್ಲಿ ಕೈಬರಹಕ್ಕೆ ಸಂಬಂಧಿಸಿದವು ಬಹಳ ಅಲ್ಪಾಯುಗಳು. ಯುಗಾದಿಯ ದಿನ ಎಣ್ಣೆನೀರು ಎರೆದುಕೊಂಡು, ಬೇವುಬೆಲ್ಲ ತಿಂದು, ಪಂಚಾಂಗದ ಫಲ ಕೇಳಿದ ಮೇಲೆ ಹೊಸದೊಂದು ಪುಸ್ತಕವನ್ನು ತೆರೆದು 'ಶ್ರೀ' ಎಂದು ಬರೆದು, ಇಂದಿನಿಂದ ದಿನಕ್ಕೊಂದು ಪುಟ ಅಂದವಾಗಿ ಅಕ್ಷರ ತಿದ್ದುತ್ತೇನೆಂದು ನಿಶ್ಚಯಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಮೊದಲ ಪುಟ ಮುತ್ತು ಪೋಣಿಸಿದಂತಿರುತ್ತದೆ. ಎರಡನೆಯದೂ ಪರವಾಗಿಲ್ಲ. ರಾಮನವಮಿಯ ಪಾನಕ ಕೋಸಂಬರಿಯ ಹೊತ್ತಿಗೆ ಅಕ್ಷರಗಳು ಕಾಗೆಯ ಕಾಲು, ಗುಬ್ಬಿಯ ಕಾಲುಗಳಾಗಿರುತ್ತವೆ. ಹುಣ್ಣಿಮೆ ಬರುವಷ್ಟರಲ್ಲಿ ಅದೇ ಪುಸ್ತಕದೊಳಗೆ ಹಾಲಿನ ಲೆಕ್ಕ ಬಂದು ಕುಳಿತಿರುತ್ತದೆ.

ಇದನ್ನು ಸೋಮಾರಿತನವೆಂದು ಹಳಿದುಬಿಡುವುದು ಸುಲಭ. ಆದರೆ ಬೇಸರದ ಮೂಲ ಬೇರೆಯೇ ಇರುವಂತೆ ತೋರುತ್ತದೆ. ಸಂಗೀತದ ವಿದ್ಯಾರ್ಥಿ ಸರಳೆ ವರಸೆಯನ್ನು ದಿನವೂ ಹಾಡುತ್ತಾನೆ. ಅವನ ಕಿವಿ ಅವನ ಜೊತೆಯಲ್ಲಿಯೇ ಇದ್ದು, ಇಂದಿನ ಗಾಂಧಾರ ನಿನ್ನೆಯದಕ್ಕಿಂತ ಎಷ್ಟು ನೆಲೆನಿಂತಿತೆಂಬುದನ್ನು ಒಡನೆಯೇ ಹೇಳಿಬಿಡುತ್ತದೆ. ಅಕ್ಷರ ತಿದ್ದುವವನ ಕಣ್ಣು ಹಾಗೆ ಎಚ್ಚರವಾಗಿರುವುದಿಲ್ಲ. ಕೈ ಬರೆಯುತ್ತಿರುತ್ತದೆ, ಕಣ್ಣು ಗಡಿಯಾರದ ಕಡೆಗಿರುತ್ತದೆ. 'ತಿದ್ದು' ಎಂಬ ನಮ್ಮ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು: ಬರೆದದ್ದರ ಮೇಲೆ ಮತ್ತೆ ಮತ್ತೆ ಬರೆದು ಕೈಯನ್ನು ಪಳಗಿಸುವುದು ಒಂದು, ತಪ್ಪನ್ನು ಕಂಡು ಸರಿಪಡಿಸುವುದು ಮತ್ತೊಂದು. ಕಣ್ಣು ಕೆಲಸಮಾಡದಿದ್ದಲ್ಲಿ ಮೊದಲನೆಯ ಅರ್ಥವಷ್ಟೇ ಕೈಗೆ ಉಳಿದು ಎರಡನೆಯದು ಸೋರಿಹೋಗುತ್ತದೆ. ಹಾಗಾದರೆ ಕಣ್ಣನ್ನು ಎಚ್ಚರಿಸುವ ಗುರು ಯಾರು? ಅವನನ್ನು ಅರಸಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಸಂಕಲ್ಪ ಮಾಡಿದ ದಿನವೇ ಅವನು ಬಾಗಿಲಿಗೆ ತೋರಣವಾಗಿ ಬಂದಿದ್ದಾನೆ.

ಚೈತ್ರದ ಬೆಳಗ್ಗೆ ಒಂದು ಹೊಂಗೆಯ ಮರದ ಕೆಳಗೆ ನಿಂತು ನೋಡಬೇಕು. ಎಲೆಯುದುರಿ ಬರಲಾಗಿದ್ದ ಕೊಂಬೆಗಳು ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂಥ ಎಳೆಯ ಹಸುರನ್ನು ಹೊದೆದು ನಿಲ್ಲುತ್ತವೆ. ಮಾವಿನ ತಳಿರು ಮೊದಲು ತಾಮ್ರದ ಬಣ್ಣ, ಬಳಿಕ ತಿಳಿಹಸುರು, ಕಡೆಗೆ ಗಾಢವಾದ ಹಸುರು. ಅರಳಿಯ ಚಿಗುರು ಕೆಂಪೇರಿ, ತುದಿಯ ಉದ್ದನೆಯ ಬಾಲವನ್ನು ಗಾಳಿಯಲ್ಲಿ ಅಲ್ಲಾಡಿಸುತ್ತಿರುತ್ತದೆ. ಇವುಗಳಲ್ಲಿ ಯಾವುದೂ ಹೊಸದಲ್ಲ. ಹೊಂಗೆ ಕಳೆದ ವರ್ಷ ಬಿಟ್ಟ ಎಲೆಯನ್ನೇ ಈ ವರ್ಷವೂ ಬಿಟ್ಟಿದೆ. ಅದಕ್ಕೆ ಬೇರೆ ಎಲೆ ಗೊತ್ತಿಲ್ಲ. ಆದರೂ ಅದನ್ನು ನೋಡಿ "ಮತ್ತೆ ಅದೇ ಎಲೆಯೇ" ಎಂದು ಆಕಳಿಸಿದವರನ್ನು ಯಾರೂ ಕಂಡಿಲ್ಲ. ಮಾದರಿ ಒಂದು, ಎಲೆ ಸಾವಿರಾರು, ಒಂದರಂತೆ ಇನ್ನೊಂದಿಲ್ಲ. ಹಾಗೆಂದು ಯಾವ ಎಲೆಯೂ ಹೊಂಗೆಯ ಎಲೆಯ ಲಕ್ಷಣವನ್ನು ಬಿಟ್ಟು ಬೇರೊಂದಾಗುವುದೂ ಇಲ್ಲ. ಅಭ್ಯಾಸವೆಂದರೆ ಒಂದನ್ನೇ ಸಾವಿರ ಸಲ ಮಾಡುವುದೆಂದು ನಾವು ತಿಳಿದಿದ್ದೇವೆ. ಮರ ಅದನ್ನು ಸಾವಿರ ಸಲವೂ ಹೊಸದಾಗಿ ಮಾಡುತ್ತದೆ. ಅಕ್ಷರ ಬರೆಯುವವನಿಗೆ ಬೇಕಾದ ಪಾಠ ಇದೇ.

ಈ ಪಾಠವನ್ನು ಕೈಯಲ್ಲಿ ಬರೆದು ತೋರಿಸಿದವನೊಬ್ಬ ಚೀನಾದೇಶದಲ್ಲಿದ್ದ. ಅವನ ಹೆಸರು ವಾಂಗ್ ಷಿಝಿ. ಕ್ರಿ.ಶ. ೩೫೩ರ ವಸಂತದಲ್ಲಿ, ಮೂರನೆಯ ತಿಂಗಳ ಮೂರನೆಯ ದಿನ, ಈಗಿನ ಶಾವೋಶಿಂಗ್ ನಗರದ ಬಳಿಯ ಲಾನ್‌ಟಿಂಗ್ ಎಂಬಲ್ಲಿ ಅವನೂ ಅವನ ಸ್ನೇಹಿತರೂ ಕೂಡಿದರು. ನೀರಿನಲ್ಲಿ ಮಿಂದು ಅಶುಭವನ್ನು ಕಳೆದುಕೊಳ್ಳುವ ವಸಂತದ ಆಚರಣೆ ಅದು. ವಿದ್ವಾಂಸರು ಅಂಕುಡೊಂಕಾದ ತೊರೆಯ ಎರಡೂ ದಡಗಳಲ್ಲಿ ಕುಳಿತರು. ಮದ್ಯದ ಬಟ್ಟಲುಗಳನ್ನು ನೀರಿನಲ್ಲಿ ತೇಲಿಬಿಟ್ಟರು. ಬಟ್ಟಲು ಬಂದು ನಿಂತಲ್ಲಿ ಕುಳಿತವನು ಪದ್ಯ ಕಟ್ಟಬೇಕು, ಇಲ್ಲವೆ ಬಟ್ಟಲನ್ನು ಬರಿದುಮಾಡಬೇಕು. ಆ ದಿನ ಹುಟ್ಟಿದ ಪದ್ಯಗಳಿಗೆ ವಾಂಗ್ ಷಿಝಿ ಅಲ್ಲಿಯೇ ಕುಂಚ ಹಿಡಿದು ಒಂದು ಮುನ್ನುಡಿ ಬರೆದ. ಇಪ್ಪತ್ತೆಂಟು ಸಾಲು, ೩೨೪ ಅಕ್ಷರಗಳ ಆ ಬರಹ ಪೂರ್ವದೇಶಗಳ ಲಿಪಿಕಲೆಗೆ ಇಂದಿಗೂ ಶಿರೋಮಣಿಯಾಗಿ ನಿಂತಿದೆ. ಮೂಲಪ್ರತಿಯನ್ನು ಟಾಂಗ್ ವಂಶದ ಚಕ್ರವರ್ತಿ ತಾಯ್‌ತ್ಸುಂಗ್ ಎಷ್ಟು ಪ್ರೀತಿಸಿದನೆಂದರೆ, ತನ್ನ ಸಮಾಧಿಯೊಳಗೆ ಅದನ್ನು ಇರಿಸಿಕೊಂಡನೆಂದು ಪ್ರತೀತಿ. ನಮಗೆ ಉಳಿದಿರುವುದು ನಿಪುಣರು ತೆಗೆದ ಪ್ರತಿಗಳು ಮಾತ್ರ.

ಆ ಬರಹದಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. 'ಝಿ' ಎಂಬ ಪುಟ್ಟ ಅಕ್ಷರವೊಂದು ಅದರಲ್ಲಿ ಇಪ್ಪತ್ತು ಸಲ ಬರುತ್ತದೆ. ನಮ್ಮ ಷಷ್ಠೀ ವಿಭಕ್ತಿ ಮಾಡುವ ಕೆಲಸವನ್ನು ಹೆಚ್ಚುಕಡಮೆ ಅದು ಮಾಡುತ್ತದೆ. ಅರ್ಥದಲ್ಲಿ ಅದಕ್ಕೆ ಯಾವ ವೈಭವವೂ ಇಲ್ಲ. ಇಪ್ಪತ್ತು ಸಲವೂ ಅದು ಬೇರೆ ಬೇರೆಯಾಗಿದೆ. ಒಮ್ಮೆ ಕುಳಿತಂತೆ, ಒಮ್ಮೆ ನಡೆದಂತೆ, ಒಮ್ಮೆ ಪಕ್ಕದ ಅಕ್ಷರಕ್ಕೆ ಎಡೆಮಾಡಿಕೊಟ್ಟು ಸರಿದಂತೆ. ಇದು ಒಂದನೆಯದು. ಎರಡನೆಯದು ಆ ಮುನ್ನುಡಿಯ ಮೊದಲ ಅಕ್ಷರವಾದ 'ಯೊಂಗ್'. ಅದರೊಳಗೆ ಎಂಟು ಬಗೆಯ ಮೂಲರೇಖೆಗಳು ಅಡಕವಾಗಿವೆಯೆಂದು ಕಂಡುಕೊಂಡ ಚೀನೀ ಗುರುಗಳು, ಅದೊಂದನ್ನು ಸಾಧಿಸಿದರೆ ಉಳಿದವು ತಾವಾಗಿ ಒಲಿಯುತ್ತವೆಂದು ಶಿಷ್ಯರಿಂದ ಅದನ್ನೇ ದಿನವೂ ಬರೆಯಿಸಿದರು. ದಿನದಿನದ ಕಟ್ಟುನಿಟ್ಟು ಒಂದು ಕಡೆ, ಇಪ್ಪತ್ತು ಸಲ ಇಪ್ಪತ್ತು ಬಗೆಯಾಗುವ ಸ್ವಾತಂತ್ರ್ಯ ಇನ್ನೊಂದು ಕಡೆ. ಎರಡೂ ಒಂದೇ ಕೈಯಲ್ಲಿ, ಒಂದೇ ವಸಂತದ ಹಗಲಿನಲ್ಲಿ ಸೇರಿಕೊಂಡಿವೆ.

ಜಪಾನಿನವರು ಈ ನಂಟನ್ನು ಒಂದು ಹಬ್ಬವನ್ನಾಗಿಯೇ ಮಾಡಿಕೊಂಡಿದ್ದಾರೆ. ವರ್ಷದ ಮೊದಲ ಬರಹಕ್ಕೆ ಅವರಲ್ಲಿ 'ಕಾಕಿಝೊಮೆ' ಎಂದು ಹೆಸರು. ಈಗ ಅದು ಜನವರಿ ೨ರಂದು ನಡೆಯುತ್ತದೆ. ೧೮೭೩ರಲ್ಲಿ ಪಾಶ್ಚಾತ್ಯ ಪಂಚಾಂಗ ಜಾರಿಗೆ ಬರುವುದಕ್ಕೆ ಮೊದಲು ಅವರ ವರ್ಷಾರಂಭ ವಸಂತದ ಹೊಸ್ತಿಲಲ್ಲಿಯೇ ಬರುತ್ತಿತ್ತು. ಹೊಸ ವರ್ಷದ ಶುಭಾಶಯದಲ್ಲಿ 'ಹೊಸ ವಸಂತ' ಎಂಬ ಮಾತು ಇಂದಿಗೂ ಉಳಿದುಕೊಂಡಿದೆ. ಹೊಸ ವರ್ಷದಲ್ಲಿ ಮೊದಲು ಸೇದಿದ ನೀರಿನಿಂದ ಮಸಿಯನ್ನು ತೇಯ್ದು, ಶುಭವಾದ ಒಂದು ಮಾತನ್ನು ಮನೆಯವರೆಲ್ಲ ಬರೆಯುವುದು ಅದರ ಕ್ರಮ. ನೀರು ಹೊಸದು, ಮಸಿ ಹೊಸದು, ಬರೆಯುವ ಮಾತು ಮಾತ್ರ ಅಜ್ಜಂದಿರ ಕಾಲದ್ದು.

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಮನೆಯ ಅಂಗಳವನ್ನು ನೋಡಿದರೆ, ನಾವು ಕನ್ನಡಿಗರು ಈ ವಿಷಯದಲ್ಲಿ ಬಡವರೇನೂ ಅಲ್ಲವೆಂದು ತಿಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬರೆದವನು ತನ್ನ ಹೆಸರನ್ನೂ ಅಲ್ಲಿಯೇ ಬಿಟ್ಟುಹೋಗಿದ್ದಾನೆ. ಅವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ, ಲಿಪಿಕಾರನೆಂಬ ತನ್ನ ಬಿರುದನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದ. ಎರಡು ಲಿಪಿಗಳು ಬಲ್ಲ ಕೈಯೆಂದು ಹೇಳಿಕೊಳ್ಳುವ ಸಣ್ಣದೊಂದು ಹೆಮ್ಮೆ ಇದಾಗಿರಬಾರದೇಕೆ? ಆ ಬಂಡೆಯ ಬ್ರಾಹ್ಮಿಯಲ್ಲಿ 'ಕ' ಎಂಬುದು ಬರಿಯ ಕೂಡುವ ಗುರುತಿನಂಥ ಅಡ್ಡಗೆರೆ, ಉದ್ದಗೆರೆ. 'ಥ' ಎಂಬುದು ನಡುವೆ ಚುಕ್ಕೆಯಿರುವ ಒಂದು ವೃತ್ತ. ಎರಡು ಸಾವಿರದ ಇನ್ನೂರು ವರ್ಷಗಳಲ್ಲಿ ರಾಜ್ಯಗಳು ಬಂದು ಹೋದವು. ನಮ್ಮ ಥಕಾರದ ಹೊಟ್ಟೆಯೊಳಗಿನ ಚುಕ್ಕೆ ಹೋಗಲಿಲ್ಲ. ಕಕಾರದ ನಡುವಣ ಅಡ್ಡಗೆರೆಯೂ ಹೋಗಲಿಲ್ಲ. ಆದರೆ ಸುತ್ತಣ ಗೆರೆಗಳೆಲ್ಲ ಬಳುಕಿ ಬಾಗಿ ಗುಂಡಗಾದುವು.

ಹೀಗೆ ಗುಂಡಗಾದುದರಲ್ಲಿ ತಾಳೆಯ ಓಲೆಗೂ ಪಾಲುಂಟೆಂದು ಬಲ್ಲವರು ಹೇಳುತ್ತಾರೆ. ಕಬ್ಬಿಣದ ಕಂಠದಿಂದ ಓಲೆಯ ನಾರಿನ ಉದ್ದಕ್ಕೂ ನೇರಗೆರೆ ಎಳೆದರೆ ಓಲೆ ಸೀಳಿಹೋಗುತ್ತದೆ. ಬಳಸಿ ಬರೆದರೆ ಉಳಿಯುತ್ತದೆ. ಅಕ್ಷರದ ಚೆಲುವು ಎಲೆಯನ್ನು ನೋಯಿಸದ ನಯದಿಂದ ಹುಟ್ಟಿತೆಂದು ಇದರ ತಾತ್ಪರ್ಯ. ವರ್ತಕರೂ ಶ್ಯಾನುಭೋಗರೂ ಬಳಸುತ್ತಿದ್ದ ಕಡತಗಳು ಇನ್ನೊಂದು ಬಗೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಇಂದು ಕಚೇರಿಯ ಮೇಜಿನ ಮೇಲೆ ಧೂಳು ತಿನ್ನುತ್ತಿರುವ ಕಾಗದದ ಕಟ್ಟಿಗೆ ಆ ಹೆಸರು ಉಳಿದಿದೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' ೧೮೪೩ರಲ್ಲಿ ಹೊರಟಾಗ ಅದು ಮೊಳೆಗಳಿಂದ ಜೋಡಿಸಿದ ಪತ್ರಿಕೆಯಾಗಿರಲಿಲ್ಲ, ಕಲ್ಲಚ್ಚಿನ ಪತ್ರಿಕೆಯಾಗಿತ್ತು. ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಎಂದರೆ ನಮ್ಮ ಪತ್ರಿಕೋದ್ಯಮಕ್ಕೆ ಅಡಿಗಲ್ಲು ಹಾಕಿದ್ದು ಒಂದು ಒಳ್ಳೆಯ ಕೈಬರಹ.

ಅಕ್ಷರದ ಅಂಗಗಳಿಗೆ ನಮ್ಮವರು ಇಟ್ಟ ಹೆಸರುಗಳನ್ನಾದರೂ ನೋಡಿ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಒತ್ತು. ಇವು ವ್ಯಾಕರಣದ ಕೋಣೆಯಲ್ಲಿ ಹುಟ್ಟಿದ ಹೆಸರುಗಳಲ್ಲ. ಹಟ್ಟಿಯಲ್ಲಿ, ಹೊಲದಲ್ಲಿ, ಹಿತ್ತಿಲಲ್ಲಿ ಕಣ್ಣಾಡಿಸಿ ಬಂದವರು ಇಟ್ಟವು. ಹಿತ್ತಿಲ ಸೋರೆಬಳ್ಳಿಯ ಕುಡಿ ಆಸರೆಯನ್ನು ತಡಕಾಡುತ್ತ ಸುತ್ತಿಕೊಳ್ಳುವುದನ್ನು ನೋಡಿದವನಿಗೆ ವಟ್ರಸುಳಿಯನ್ನು ಎಲ್ಲಿ ಬಿಗಿಮಾಡಬೇಕು, ಎಲ್ಲಿ ಸಡಿಲಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮಿಡಿ ಮಾವಿನ ತೊಟ್ಟು ಕಾಯಿಯ ನಡುನೆತ್ತಿಗೆ ಸೇರದೆ ತುಸು ಓರೆಯಾಗಿ ಸೇರುತ್ತದೆ. ತಲೆಕಟ್ಟೂ ಹಾಗೆ ಸೇರಿದಾಗಲೇ ಅಕ್ಷರಕ್ಕೆ ಜೀವ. ಎಲೆಯ ಮರೆಯಲ್ಲಿ ಕಾಯಿ ಜೋತಂತೆ ಒತ್ತಕ್ಷರ ಅಕ್ಷರದ ಅಡಿಯಲ್ಲಿ ಜೋತುಬೀಳಬೇಕು, ಅಂಟಿಸಿದಂತೆ ಇರಬಾರದು. ಅಕ್ಷರವನ್ನು ನೋಡಿ ಅಕ್ಷರ ಬರೆಯುವವನು ನಕಲುಗಾರ. ಬಳ್ಳಿಯನ್ನು ನೋಡಿ ಬಂದು ಅಕ್ಷರ ಬರೆಯುವವನು, ಆ ಅಕ್ಷರವನ್ನು ಮೊದಲು ಬಾಗಿಸಿದವನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ.

ಇನ್ನು ದಿನದ ಅಭ್ಯಾಸದ ಕ್ರಮಕ್ಕೆ ಬರೋಣ. ಇಲ್ಲೊಂದು ಲೆಕ್ಕ ತಾನಾಗಿ ಕೂಡಿಬಂದಿದೆ. ಕನ್ನಡದ ವರ್ಣಮಾಲೆಯಲ್ಲಿ ಸ್ವರಗಳು ಹದಿಮೂರು, ಯೋಗವಾಹಗಳು ಎರಡು, ವ್ಯಂಜನಗಳು ಮೂವತ್ತನಾಲ್ಕು, ಒಟ್ಟು ೪೯. ಸೊನ್ನೆಯೂ ಸೇರಿ ಅಂಕಿಗಳು ಹತ್ತು. ಎರಡನ್ನೂ ಕೂಡಿಸಿದರೆ ೫೯. ಚೈತ್ರ ವೈಶಾಖಗಳೆರಡೂ ಸೇರಿದ ವಸಂತ ಋತುವಿನ ದಿನಗಳಾದರೂ ಹೆಚ್ಚುಕಡಮೆ ಐವತ್ತೊಂಬತ್ತೇ. ದಿನಕ್ಕೊಂದರಂತೆ ಯುಗಾದಿಯಂದು ಅಕಾರದಿಂದ ಹೊರಟವನು ರಾಮನವಮಿಗೆ ಏಕಾರಕ್ಕೆ ಬರುತ್ತಾನೆ. ಹುಣ್ಣಿಮೆಯ ಹೊತ್ತಿಗೆ ವಿಸರ್ಗದೊಂದಿಗೆ ಸ್ವರಗಳ ಸಂಸಾರ ಮುಗಿಯುತ್ತದೆ. ಕೃಷ್ಣಪಕ್ಷ ಹಿಡಿದಾಗ ಕಕಾರ ಹಿಡಿಯುತ್ತದೆ. ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ದಕಾರ ಬರುತ್ತದೆ. ಆ ದಿನ ಬರೆಯಬೇಕಾದ ಪದ 'ದಾನ'ವಲ್ಲದೆ ಇನ್ನೇನು? ತಿಥಿಗಳು ಒಂದೆರಡು ದಿನ ಹಿಂದುಮುಂದಾದರೆ ಬಾಧಕವಿಲ್ಲ. ಅಧಿಕಮಾಸ ಬಂದರೆ ಅದನ್ನು ಒತ್ತಕ್ಷರಗಳಿಗೆ ಮೀಸಲಿಡಬಹುದು. ಅವುಗಳಿಗೆ ಒಂದು ತಿಂಗಳು ಸಾಲದೆ ಬಂದರೂ ಆಶ್ಚರ್ಯವಿಲ್ಲ.

ಆಯಾ ದಿನದ ಅಕ್ಷರವನ್ನು ಕೆಲವು ಸಲ ಬರೆದ ಮೇಲೆ, ಆ ಅಕ್ಷರವಿರುವ ಒಂದು ಪದವನ್ನು ಬರೆಯಬೇಕು. ಆ ಪದದ ವಸ್ತುವನ್ನು ಅಂದು ಕಣ್ಣಾರೆ ಕಂಡಿರಬೇಕೆಂಬುದು ನಿಯಮ. ಅರಳಿ, ಇಬ್ಬನಿ, ಉಯ್ಯಾಲೆ, ಋತು, ಕಕ್ಕೆ, ಗಿಳಿ, ಚಿಗುರು, ಜೇನು, ತಳಿರು, ಪಾನಕ, ಬೇವು, ಮಲ್ಲಿಗೆ, ಹೊಂಗೆ ಎಂದು ಪಟ್ಟಿ ತಾನಾಗಿ ಬೆಳೆಯುತ್ತದೆ. ಙಕಾರ, ಞಕಾರಗಳಿಗೆ ಯಾವ ಹೂವೂ ಹಕ್ಕಿಯೂ ಸಿಕ್ಕುವಂತಿಲ್ಲ. ಆ ಎರಡು ದಿನ ಅಕ್ಷರವನ್ನೇ ಬಳ್ಳಿಯೆಂದು ಭಾವಿಸಿ ಬರೆಯಬೇಕು. ಹಾಗೆ ನೋಡಿದರೆ ನಮ್ಮ ಅಕ್ಷರಗಳಲ್ಲೆಲ್ಲ ಅವೇ ಬಹಳ ಚೆಲುವಾದ ಬಳ್ಳಿಗಳು.

ಪ್ರತಿಯೊಂದು ಪದಕ್ಕೂ ತನ್ನದೇ ಆದ ತೊಡಕುಂಟು. 'ಚಿಗುರು' ಎಂಬಲ್ಲಿ ಗುಡಿಸಿನ ಹಿಂದೆಯೇ ಎರಡು ಕೊಂಬುಗಳು ಒಂದರ ಬೆನ್ನಿಗೊಂದು ನಿಲ್ಲುತ್ತವೆ. ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರೆದರೆ ಪದ ಬೇಲಿಯಾಗುತ್ತದೆ, ಕಡೆಯದನ್ನು ತುಸು ಬಿಡುಬೀಸಾಗಿ ಬಿಟ್ಟರೆ ನಿಜವಾಗಿಯೂ ಚಿಗುರುತ್ತದೆ. 'ವಸಂತ'ದಲ್ಲಿ ಗುಂಡಕ್ಷರಗಳ ನಡುವೆ ಒಂದು ಸೊನ್ನೆ ಬಂದು ಕೂರುತ್ತದೆ. ಅದನ್ನು ಉಳಿದವುಗಳಷ್ಟೇ ದೊಡ್ಡದಾಗಿ ಬರೆದರೆ ಪದದ ನಡುವೆ ಹಳ್ಳ ಬಿದ್ದಂತಾಗುತ್ತದೆ. 'ಮಲ್ಲಿಗೆ'ಯಲ್ಲಿ ಲಕಾರದ ಒತ್ತು ಕೆಳಗೆ ಇಳಿಯುತ್ತದೆ. ಅದಕ್ಕೆ ಮೊದಲೇ ಎಡೆಬಿಡದಿದ್ದರೆ ಮುಂದಿನ ಸಾಲು ಅದನ್ನು ತುಳಿಯುತ್ತದೆ. ಕನ್ನಡವನ್ನು ಬರೆಯುವವನು ಸಾಲುಗಳ ನಡುವೆ ಧಾರಾಳಿಯಾಗಿರಬೇಕಾದುದು ಈ ಕಾರಣಕ್ಕಾಗಿ. ರಕಾರದೊಳಗೆ ಚುಕ್ಕೆಯಿಟ್ಟರೆ ಠಕಾರ. ದಕಾರವನ್ನು ಅಡಿಯಲ್ಲಿ ಸೀಳಿದರೆ ಧಕಾರ, ಆ ಧಕಾರಕ್ಕೆ ಚುಕ್ಕೆಯಿಟ್ಟರೆ ಥಕಾರ. ಹೀಗೆ ಒಂದೇ ಟೊಂಗೆಯಿಂದ ಕವಲೊಡೆದ ಅಕ್ಷರಗಳನ್ನು ಜೊತೆಜೊತೆಯಾಗಿ ಬರೆದರೆ, ಹೊಟ್ಟೆಯ ದುಂಡು ಎಲ್ಲದರಲ್ಲಿಯೂ ಒಂದೇ ಸಮನಾಗಿದೆಯೆ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬಹುದು.

ಉಪಕರಣಗಳಿಗಾಗಿ ಅಂಗಡಿ ಸುತ್ತಬೇಕಾಗಿಲ್ಲ. ಮೊನೆಯಾದ ಯಾವ ಲೇಖನಿಯೂ ಆದೀತು. ಅದು ಓಲೆಯ ಮೇಲಿನ ಕಂಠದಂತೆ ಎಲ್ಲ ಕಡೆಯೂ ಒಂದೇ ದಪ್ಪದ ಗೆರೆಯನ್ನು ಕೊಟ್ಟು ಆಕಾರದ ತಪ್ಪುಗಳನ್ನು ಮರೆಮಾಡದೆ ತೋರಿಸುತ್ತದೆ. ಬಿದಿರಿನ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಹೆರೆದು ಮಸಿಯಲ್ಲಿ ಅದ್ದಿದರೆ, ಹಿಡಿದ ಓರೆ ಬದಲಾಗದಿರುವವರೆಗೆ ಗೆರೆ ತಿರುಗಿದಂತೆಲ್ಲ ದಪ್ಪವೂ ತೆಳುವೂ ಆಗುತ್ತದೆ. ಮೊದಲ ತಿಂಗಳು ಮೊನೆಯ ಲೇಖನಿ, ಎರಡನೆಯ ತಿಂಗಳು ಚಪ್ಪಟೆಯ ಕಡ್ಡಿ ಎಂದಿಟ್ಟುಕೊಂಡರೆ ಕೈಗೂ ಒಂದು ಋತುಭೇದ ಒದಗುತ್ತದೆ. ವೇಳೆ ಕಾಲು ಗಂಟೆ ಸಾಕು. ಅದರಲ್ಲಿ ಐದು ನಿಮಿಷ ಕಿಟಕಿಯ ಹೊರಗೆ ನೋಡುವುದಕ್ಕೆ ಸಲ್ಲಬೇಕು.

ಇಷ್ಟೆಲ್ಲ ಏತಕ್ಕೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಯಂತ್ರದ ಗುಂಡಿಯೊತ್ತಿದರೆ ತಪ್ಪಿಲ್ಲದ ಅಕ್ಷರ ಮೂಡುತ್ತದೆ; ಮದುವೆಯ ಕರೆಯೋಲೆಯಿಂದ ಹಿಡಿದು ಮಗುವಿನ ಶಾಲೆಯ ಸೂಚನೆಯವರೆಗೆ ಎಲ್ಲವೂ ಅದರಿಂದಲೇ ನಡೆಯುತ್ತದೆ. ಈ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಪೇಟೆಯ ಬೀದಿಯೊಂದರಲ್ಲಿ ತಲೆಯೆತ್ತಿ ನಡೆದು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಒಂದು ಕಾಲದಲ್ಲಿ ಊರೂರಿನಲ್ಲಿ ಅಂಗಡಿಯ ಹಲಗೆಗಳನ್ನು ಕುಂಚದಿಂದ ಬರೆಯುವವರಿದ್ದರು. ಒಬ್ಬನ ಕಕಾರದ ಗತ್ತು ಇನ್ನೊಬ್ಬನದಕ್ಕಿರಲಿಲ್ಲ. ಹಲಗೆಯನ್ನು ನೋಡಿಯೇ ಇದು ಇಂಥವನ ಕೈ ಎಂದು ಊರವರು ಗುರುತಿಸುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕಸಬಿನವರು ಬಹುಮಟ್ಟಿಗೆ ಬೇರೆ ಕೆಲಸಗಳಿಗೆ ಸರಿದುಹೋದರು. ಕರ್ನಾಟಕದ ೨೦೨೪ರ ತಿದ್ದುಪಡಿ ಕಾಯಿದೆಯಂತೆ ನಾಮಫಲಕಗಳಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕು. ಅದು ಸರಿಯೇ, ಬೇಕಾದದ್ದೇ. ಆದರೆ ಕಾನೂನು ಕನ್ನಡಕ್ಕೆ ಹಲಗೆಯ ಮೇಲೆ ಎಷ್ಟು ಜಾಗವೆಂದು ಅಳೆದುಕೊಡಬಲ್ಲುದು. ಆ ಜಾಗದಲ್ಲಿ ಅಕ್ಷರ ಹೇಗೆ ನಿಲ್ಲಬೇಕೆಂದು ಅದು ಹೇಳಲಾರದು. ಎಳೆದು ಹಿಗ್ಗಿಸಿದ, ಒತ್ತಿ ಕುಗ್ಗಿಸಿದ, ಒತ್ತಕ್ಷರ ಹಲಗೆಯ ಅಂಚಿಗೆ ತಾಗಿ ಅರ್ಧ ಕತ್ತರಿಸಿಹೋದ ಕನ್ನಡ ದಿನವೂ ನಮ್ಮ ಕಣ್ಣಿಗೆ ಬೀಳುತ್ತಿದೆ, ನೋವಾಗುವುದಿಲ್ಲ. ಯಂತ್ರಕ್ಕೆ ಅಕ್ಷರ ಕೊಡುವವರೂ ಹಲಗೆ ಬರೆಯಿಸುವವರೂ ಮನುಷ್ಯರೇ. ಅವರ ಕಣ್ಣು ಪಳಗಿದ್ದರೆ ಯಂತ್ರದ ಕನ್ನಡವೂ ಚೆನ್ನಾಗಿರುತ್ತದೆ. ಪಳಗದಿದ್ದರೆ ನೂರಕ್ಕೆ ನೂರು ಕನ್ನಡವಿದ್ದರೂ ಅಂದವಿರುವುದಿಲ್ಲ. ಕೈ ಬರೆಯುವುದನ್ನು ಬಿಟ್ಟ ಜನ ಕೆಲವು ಕಾಲದ ಮೇಲೆ ಕೆಟ್ಟ ಅಕ್ಷರವನ್ನು ಕಾಣುವುದನ್ನೂ ಬಿಡುತ್ತಾರೆ. ನಾವು ನಿಜವಾಗಿ ಕಳೆದುಕೊಳ್ಳುವುದು ಅದನ್ನು.

ಆದಕಾರಣ ಮನೆಯಲ್ಲಿ ಮಕ್ಕಳಿದ್ದರೆ ಈ ವಸಂತದ ಅಭ್ಯಾಸಕ್ಕೆ ಅವರನ್ನೂ ಕೂರಿಸಿಕೊಳ್ಳುವುದು ಲೇಸು. ಬೇಸಗೆಯ ರಜೆಯ ದಿನಗಳೂ ಅವರಿಗೆ ಒದಗಿಬರುತ್ತವೆ. 'ಅಂದವಾಗಿ ಬರೆ' ಎಂದು ಗದರಿಸಿದರೆ ಅವರ ಬೆರಳು ಬಿಗಿಯುತ್ತದೆ. 'ಮಾವಿನ ಮಿಡಿ ತಂದು ನೋಡಿ ಬರೆ' ಎಂದರೆ ಓಡುತ್ತಾರೆ. ಮಿಡಿಯನ್ನು ಉಪ್ಪಿನೊಡನೆ ತಿಂದ ಬಳಿಕವಾದರೂ ಬರೆಯುತ್ತಾರೆ. ಹಿಂದೆ ಅಕ್ಕಿಯ ಮೇಲೆ, ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದ ಹಿರಿಯರಿಗೆ ಕೈಯ ನೆನಪು ಕಣ್ಣಿನ ನೆನಪಿಗಿಂತ ಆಳವೆಂಬುದು ತಿಳಿದಿತ್ತು.

ವೈಶಾಖದ ಕೊನೆಯಲ್ಲಿ, ಹೊಂಗೆಯ ಎಲೆ ಬಲಿತು ಕಪ್ಪುಹಸುರಾಗಿ ಬೇಸಗೆಯ ಮಳೆಗೆ ಧೂಳು ತೊಳೆದುಕೊಳ್ಳುವ ಹೊತ್ತಿಗೆ, ಅಂಕಿಗಳ ಸಾಲು ಒಂಬತ್ತನ್ನು ಮುಟ್ಟಿರುತ್ತದೆ. ಆಗ ಪುಸ್ತಕವನ್ನು ತಿರುವಿ ಮೊದಲ ದಿನದ ಅಕಾರವನ್ನು ಹೊಸದೊಂದು ಅಕಾರದ ಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಅಕಾರವೇ. ಮೊದಲನೆಯದನ್ನು ಬರೆದವನಿಗೆ ಅಕ್ಷರ ಮಾತ್ರ ಗೊತ್ತಿತ್ತು. ಎರಡನೆಯದನ್ನು ಬರೆದವನು ಐವತ್ತೊಂಬತ್ತು ದಿನ ಮರಗಳನ್ನು ನೋಡಿದ್ದಾನೆ. ವ್ಯತ್ಯಾಸ ಕಂಡರೆ ಸಂತೋಷ. ಕಾಣದಿದ್ದರೂ ಚಿಂತೆಯಿಲ್ಲ, ನೋಡಿದ ಮರಗಳು ನಷ್ಟವಾಗಲಿಲ್ಲ. ಮುಂದಿನ ಯುಗಾದಿಗೆ ಹೊಂಗೆ ಹೇಗೂ ಅದೇ ಎಲೆಯನ್ನು ಹೊಸದಾಗಿ ಬರೆಯಲು ಕೂರುತ್ತದೆ. ಪಕ್ಕದಲ್ಲಿ ನಮಗೂ ಜಾಗವಿರುತ್ತದೆ.